ಪೊರೆ ತೆಗೆದ ಮೇಲೆ: ಕಣ್ಣಿನ ಚಿಕಿತ್ಸೆಯ ಇತಿಹಾಸದಲ್ಲಿ ಪರಿಚಾರಕನ ಸ್ಥಾನ

ಕನ್ನಡದಲ್ಲಿ ‘ಪೊರೆ’ ಎಂಬ ರೂಪದ ಎರಡು ಶಬ್ದಗಳಿವೆ. ಒಂದು ನಾಮಪದ, ಹಾವು ಕಳಚುವ ಪೊರೆ, ಕಣ್ಣಿಗೆ ಬರುವ ಪೊರೆ. ಇನ್ನೊಂದು ಧಾತು, ಪೊರೆ ಎಂದರೆ ಸಲಹು, ಕಾಪಾಡು. ಈ ಧಾತು ನಡುಗನ್ನಡದ ಹಕಾರವನ್ನು ಪಡೆದು ‘ಹೊಟ್ಟೆ ಹೊರೆ’ ಎಂಬ ನುಡಿಗಟ್ಟಿನಲ್ಲಿ ಇಂದಿಗೂ ಬಳಕೆಯಲ್ಲಿದೆ. ಆದರೆ ಕಣ್ಣಿನ ಪೊರೆ ಮಾತ್ರ ತನ್ನ ಹಳೆಯ ಪಕಾರವನ್ನು ಬಿಟ್ಟುಕೊಟ್ಟಿಲ್ಲ. ತಮಿಳಿನಲ್ಲಿಯೂ ಈ ರೋಗಕ್ಕೆ ‘ಕಣ್‌ಪುರೈ’ ಎಂದೇ ಹೆಸರು. ಎರಡು ಶಬ್ದಗಳನ್ನೂ ಒಂದೇ ಮೂಲಕ್ಕೆ ಎಳೆದು ತರುವ ಸಾಹಸ ನನ್ನದಲ್ಲ. ಅಂತಹ ನಿರುಕ್ತಿಗಳಿಂದ ನಮ್ಮ ಪತ್ರಿಕೆಗಳು ಸಾಕಷ್ಟು ನೊಂದಿವೆ. ಆದರೂ ಕಳೆದ ಚಳಿಗಾಲದಲ್ಲಿ ಜಯನಗರದ ಮನೆಯಲ್ಲಿ ಬಲಗಣ್ಣಿಗೆ ಪ್ಲಾಸ್ಟಿಕ್ ಕವಚ ಅಂಟಿಸಿಕೊಂಡು ಒಬ್ಬನೇ ಕುಳಿತಿದ್ದಾಗ ಈ ಎರಡು ಶಬ್ದಗಳು ಜೊತೆಜೊತೆಯಾಗಿಯೇ ನೆನಪಿಗೆ ಬರುತ್ತಿದ್ದವು. ಒಂದು ಪೊರೆಯನ್ನು ವೈದ್ಯರು ಹದಿನೈದು ನಿಮಿಷಗಳಲ್ಲಿ ತೆಗೆದಿದ್ದರು. ಇನ್ನೊಂದು ಪೊರೆಗೆ, ಎಂದರೆ ಪೊರೆಯುವ ಕೆಲಸಕ್ಕೆ, ಆರು ವಾರಗಳು ಬೇಕಾಗಿದ್ದವು. ಅದಕ್ಕೆ ಯಾರೂ ಇರಲಿಲ್ಲ.

ಕಣ್ಣಿನ ಪೊರೆಯ ಚಿಕಿತ್ಸೆಯ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಶಸ್ತ್ರವೈದ್ಯರು. ಆದುದರಿಂದ ಅದು ಸೂಜಿಯ, ಕತ್ತಿಯ, ಮಸೂರದ ಇತಿಹಾಸವಾಗಿದೆ. ಶಸ್ತ್ರವನ್ನು ಕೆಳಗಿಟ್ಟ ಮೇಲಿನ ದಿನಗಳನ್ನು ರೋಗಿಯು ಎಲ್ಲಿ, ಹೇಗೆ, ಯಾರ ಆಸರೆಯಲ್ಲಿ ಕಳೆದನು ಎಂಬುದು ಅಲ್ಲಿ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಆ ಸಾಲುಗಳನ್ನು ಒಟ್ಟಿಗೆ ಇಟ್ಟು ಓದುವುದು ಈ ಲೇಖನದ ಉದ್ದೇಶ.

ಸುಶ್ರುತಸಂಹಿತೆಯ ಉತ್ತರತಂತ್ರದ ಹದಿನೇಳನೆಯ ಅಧ್ಯಾಯವು ಕಫಜ ಲಿಂಗನಾಶದ ಶಸ್ತ್ರಕ್ರಿಯೆಯನ್ನು ವಿವರಿಸುತ್ತದೆ. ವಾಸ್ತವದಲ್ಲಿ ಕಣ್ಣಿಗೆ ಹೊಸದಾಗಿ ಯಾವ ಪೊರೆಯೂ ಬೆಳೆಯುವುದಿಲ್ಲ. ಕಣ್ಣೊಳಗಿನ ಪಾರದರ್ಶಕ ಮಸೂರವೇ ಮಬ್ಬಾಗಿ ಬೆಳಕನ್ನು ತಡೆಯುತ್ತದೆ. ಪ್ರಾಚೀನರು ಶಲಾಕೆಯೆಂಬ ಕಡ್ಡಿಯಿಂದ ಕಣ್ಣಿನ ಬಿಳಿಯ ಭಾಗವನ್ನು ಚುಚ್ಚಿ ಆ ಮಬ್ಬನ್ನು ದೃಷ್ಟಿಪಥದಿಂದ ಸರಿಸುತ್ತಿದ್ದರು. ಎಡಗಣ್ಣಿಗೆ ಬಲಗೈ, ಬಲಗಣ್ಣಿಗೆ ಎಡಗೈ ಎಂಬ ನಿಯಮವೂ ಇದೆ. ಇದು ಎಲ್ಲರೂ ಉಲ್ಲೇಖಿಸುವ ಭಾಗ. ನಮಗೆ ಬೇಕಾದದ್ದು ಅನಂತರದ ಶ್ಲೋಕಗಳು. ಕಣ್ಣಿಗೆ ತಾಯಿಯ ಹಾಲನ್ನು ಎರೆಯಬೇಕು. ತುಪ್ಪ ಸವರಿ ಬಟ್ಟೆಯ ಪಟ್ಟಿ ಕಟ್ಟಬೇಕು. ದೂಳು ಹೊಗೆಗಳಿಲ್ಲದ ಮನೆಯಲ್ಲಿ ಅಂಗಾತ ಮಲಗಿಸಬೇಕು. ತೇಗು, ಕೆಮ್ಮು, ಸೀನು, ಉಗುಳುವುದು, ಮೈ ನಡುಗುವುದು ಯಾವುದೂ ಕೂಡದು. ಮೂರು ಮೂರು ದಿನಕ್ಕೊಮ್ಮೆ ಕಷಾಯದಿಂದ ಕಣ್ಣನ್ನು ತೊಳೆಯಬೇಕು. ಈ ಕಟ್ಟುಪಾಡು ಹತ್ತು ದಿನ.

ವಾಗ್ಭಟನ ಅಷ್ಟಾಂಗಹೃದಯದಲ್ಲಿ ಅವಧಿಯು ಏಳು ದಿನಕ್ಕೆ ಇಳಿದಿದೆ, ಆದರೆ ವಿವರಗಳು ಹೆಚ್ಚಿವೆ. ಒಂದು ಕಣ್ಣಿಗೆ ಮಾತ್ರ ಶಸ್ತ್ರವಾಗಿದ್ದರೆ ಅದರ ವಿರುದ್ಧ ಮಗ್ಗುಲಿಗೆ, ಎರಡಕ್ಕೂ ಆಗಿದ್ದರೆ ಅಂಗಾತ ಮಲಗಬೇಕು. ತಲೆ ಕೆಳಗೆ ಮಾಡಬಾರದು, ಸ್ನಾನ ಮಾಡಬಾರದು, ಹಲ್ಲುಜ್ಜಬಾರದು, ಗಾಳಿ ಬೀಸದ ಸ್ಥಳದಲ್ಲಿ ಇರಬೇಕು. ಶಸ್ತ್ರವಾದ ಕಣ್ಣಿನ ಮಗ್ಗುಲಿಗೆ ಮಲಗಬೇಡಿ, ಬಗ್ಗಬೇಡಿ, ತಲೆಗೆ ಸ್ನಾನ ಮಾಡಬೇಡಿ ಎಂದು ಇಂದಿನ ಆಸ್ಪತ್ರೆಗಳು ಕೊಡುವ ಹಾಳೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದವರಿಗೆ ಆಶ್ಚರ್ಯವಾಗದಿರದು. ಶಸ್ತ್ರಕ್ರಿಯೆ ಸಂಪೂರ್ಣವಾಗಿ ಬದಲಾಗಿದೆ. ಪಥ್ಯದ ಭಾಷೆ ಮಾತ್ರ ಅಷ್ಟಾಗಿ ಬದಲಾಗಿಲ್ಲ. (ಇಷ್ಟರಿಂದಲೇ ಪ್ರಾಚೀನರಿಗೆ ಎಲ್ಲವೂ ತಿಳಿದಿತ್ತು ಎಂದು ಹೊರಡುವವರಿಗೆ ಒಂದು ಮಾತು: ಶಲಾಕೆಯು ಮಸೂರವನ್ನು ಕಣ್ಣಿನಿಂದ ತೆಗೆಯುತ್ತಿರಲಿಲ್ಲ, ಕಣ್ಣೊಳಗೇ ತಳ್ಳುತ್ತಿತ್ತು. ಆ ಕಾಲದಲ್ಲಿ ಎಷ್ಟು ಕಣ್ಣುಗಳು ಕೀತು ಹೋದುವೆಂಬುದನ್ನು ಶ್ಲೋಕಗಳು ಲೆಕ್ಕವಿಟ್ಟಿಲ್ಲ.)

ಈ ಶ್ಲೋಕಗಳಲ್ಲಿ ಹೇಳದೇ ಉಳಿದಿರುವ ಸಂಗತಿಯೊಂದಿದೆ. ಕಣ್ಣು ಕಟ್ಟಿಕೊಂಡು ಅಂಗಾತ ಮಲಗಿದವನಿಗೆ ತುಪ್ಪ ಕಾಯಿಸುವವರು ಯಾರು, ಕಷಾಯ ತರುವವರು ಯಾರು, ತಾಯಿಹಾಲನ್ನು ಬೇಡಿ ತರುವವರು ಯಾರು? ಕರ್ತೃಪದವಿಲ್ಲದ ವಿಧ್ಯರ್ಥಕ ವಾಕ್ಯಗಳ ಹಿಂದೆ ಒಂದು ಮನೆಯೇ ನಿಂತಿದೆ. ಚರಕನು ಅದನ್ನು ಬಾಯಿಬಿಟ್ಟು ಹೇಳಿದ್ದಾನೆ. ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳು: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದಕ್ಕೂ ನಾಲ್ಕು ಗುಣಗಳು. ಪರಿಚಾರಕನಿಗೆ ಉಪಚಾರದ ಜ್ಞಾನ, ದಕ್ಷತೆ, ಅನುರಾಗ, ಶುಚಿತ್ವ ಇರಬೇಕು. ರೋಗಿಗೆ ನೆನಪು, ಹೇಳಿದಂತೆ ನಡೆಯುವ ಗುಣ, ಅಳುಕದಿರುವಿಕೆ, ತನ್ನ ಬಾಧೆಯನ್ನು ತಿಳಿಸಬಲ್ಲ ಶಕ್ತಿ ಇರಬೇಕು. ಪರಿಚಾರಕನನ್ನು ಔಷಧಕ್ಕೂ ವೈದ್ಯನಿಗೂ ಸಮಾನವಾದ ಒಂದು ಕಾಲೆಂದು ಎಣಿಸಿರುವುದು ಗಮನಾರ್ಹ.

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯನ ‘ಕಲ್ಯಾಣಕಾರಕ’ವನ್ನು ಇಲ್ಲಿ ನೆನೆಯಬೇಕು. 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸೊಲ್ಲಾಪುರದಿಂದ ಸಂಪಾದಿಸಿ ಪ್ರಕಟಿಸಿದ ಈ ಸಂಸ್ಕೃತ ಗ್ರಂಥವು ತನಗಿಂತ ಹಿಂದಿನ ವೈದ್ಯಗ್ರಂಥಕಾರರನ್ನು ಹೆಸರಿಸುತ್ತದೆ. ಅದರ ಪ್ರಕಾರ ಶಲ್ಯತಂತ್ರವನ್ನು ರಚಿಸಿದವರು ಪಾತ್ರಸ್ವಾಮಿ. ಶಾಲಾಕ್ಯವನ್ನು, ಎಂದರೆ ಶಲಾಕೆಯಿಂದ ಮಾಡುವ ಕಣ್ಣು ಮೊದಲಾದ ಕೊರಳಿನ ಮೇಲಿನ ಅಂಗಗಳ ಚಿಕಿತ್ಸೆಯನ್ನು, ಬರೆದವರು ಪೂಜ್ಯಪಾದರು. ಪೂಜ್ಯಪಾದರ ಆ ಗ್ರಂಥ ನಮಗೆ ಉಳಿದುಬಂದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡಕ್ಕೆ ತಂದದ್ದು ಅವರ ಹೆಸರಿನ ಕಲ್ಯಾಣಕಾರಕವನ್ನು. ಶಾಲಾಕ್ಯದ ಕರ್ತೃವೆಂದು ಪ್ರಸಿದ್ಧರಾದ ಇದೇ ಪೂಜ್ಯಪಾದರ ದೃಷ್ಟಿಯೇ ಒಮ್ಮೆ ನಷ್ಟವಾಗಿ, ಅವರು ಶಾಂತ್ಯಷ್ಟಕವನ್ನು ರಚಿಸಿದಾಗ ಮರಳಿತೆಂಬ ಐತಿಹ್ಯವೂ ಇದೆ. ಐತಿಹ್ಯದಲ್ಲಿ ಪಥ್ಯವೂ ಇಲ್ಲ, ಪರಿಚಾರಕನೂ ಇಲ್ಲ. ಪರಿಚಾರಕನಿಲ್ಲದೆ ಕಣ್ಣು ಬರಬೇಕಾದರೆ ಪವಾಡವೇ ಆಗಬೇಕೆಂದು ಕಥೆ ಕಟ್ಟಿದವರಿಗೂ ತೋರಿದ್ದಿರಬೇಕು.

ಪರಿಚರ್ಯೆಯನ್ನು ಕಳಚಿ ಶಸ್ತ್ರವನ್ನು ಮಾತ್ರ ಉಳಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷ್ಯ ದೊರೆಯುವುದು ಬ್ರಿಟಿಷರ ಕಾಲದಲ್ಲಿ. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ಮುಖ್ಯಸ್ಥರಾಗಿದ್ದ ಆರ್. ಎಚ್. ಎಲಿಯಟ್ ಅವರು 1917ರಲ್ಲಿ ಲಂಡನ್ನಿನಲ್ಲಿ ಇದೇ ವಿಷಯದ ಮೇಲೆ ಉಪನ್ಯಾಸಗಳನ್ನು ನೀಡಿದರು. ಊರೂರು ಅಲೆಯುವ ಸೂಜಿವೈದ್ಯರು ಮಸೂರವನ್ನು ಕೆಳಗೆ ತಳ್ಳಿ, ರೋಗಿಗೆ ಬೆರಳು ಕಂಡೊಡನೆ ಹಣ ಪಡೆದು ಮುಂದಿನ ಊರಿಗೆ ಹೊರಟುಬಿಡುತ್ತಿದ್ದರು. ಕೀವು, ನೋವು, ಒತ್ತಡಗಳು ಕಾಣಿಸಿಕೊಳ್ಳುವ ಹೊತ್ತಿಗೆ ಅವರು ಅಲ್ಲಿ ಇರುತ್ತಿರಲಿಲ್ಲ. ಹಾಗೆ ಕೆಟ್ಟ ಕಣ್ಣುಗಳೇ ಮದರಾಸಿನ ಆಸ್ಪತ್ರೆಗೆ ಬರುತ್ತಿದ್ದವು. ಸುಶ್ರುತನ ಕೈಚಳಕ ಉಳಿದಿತ್ತು, ಅವನ ಹತ್ತು ದಿನಗಳು ಉಳಿದಿರಲಿಲ್ಲ.

ಯುರೋಪಿನಲ್ಲಿ 1747ರಲ್ಲಿ ಜಾಕ್ ದಾವಿಯೆಲ್ ಮಸೂರವನ್ನು ತಳ್ಳುವ ಬದಲು ಕಣ್ಣಿನಿಂದ ಹೊರತೆಗೆದ. ಆ ಕ್ರಮವೇ ನಮ್ಮ ಆಸ್ಪತ್ರೆಗಳಿಗೂ ಬಂದಿತು. ಬೆಂಗಳೂರಿನಲ್ಲಿ 1896ರಲ್ಲಿ ಸಣ್ಣದಾಗಿ ಆರಂಭವಾದ ಕಣ್ಣಿನ ಚಿಕಿತ್ಸಾಲಯವು 1913ರಲ್ಲಿ ಚಾಮರಾಜಪೇಟೆಯ ಅಂಚಿನ ಕಲ್ಲುಕಟ್ಟಡಕ್ಕೆ ಬಂದು, ಲಾರ್ಡ್ ಮಿಂಟೋ ಹೆಸರಿನ ಆಸ್ಪತ್ರೆಯಾಯಿತು. ದಕ್ಷಿಣ ಬೆಂಗಳೂರಿನ ಹಳಬರಿಗೆ ಇಂದಿಗೂ ‘ಕಣ್ಣಾಸ್ಪತ್ರೆ’ ಎಂದರೆ ಮಿಂಟೋ. ಆ ಕಾಲದ ಶಸ್ತ್ರಕ್ರಿಯೆಯಲ್ಲಿ ಕಣ್ಣಿನ ಅಂಚನ್ನು ಅರ್ಧವೃತ್ತದಷ್ಟು ಕೊಯ್ಯಬೇಕಾಗಿತ್ತು. ಗಾಯ ತಾನಾಗಿ ಕೂಡಿಕೊಳ್ಳಬೇಕಾಗಿದ್ದುದರಿಂದ ರೋಗಿಯ ಎರಡು ಕಣ್ಣುಗಳನ್ನೂ ಕಟ್ಟಿ, ತಲೆ ಅಲುಗದಂತೆ ಇಕ್ಕೆಲಗಳಲ್ಲಿ ಮರಳಿನ ಚೀಲಗಳನ್ನಿಟ್ಟು, ದಿನಗಟ್ಟಲೆ ಅಂಗಾತ ಮಲಗಿಸುವುದು ಜಗತ್ತಿನೆಲ್ಲೆಡೆ ರೂಢಿಯಲ್ಲಿತ್ತು. ಕತ್ತಲಲ್ಲಿ ಹಾಗೆ ಮಲಗಿದ ವೃದ್ಧರಲ್ಲಿ ಕೆಲವರು ಬಡಬಡಿಸತೊಡಗುತ್ತಿದ್ದರು. ಕಣ್ಣುಕಟ್ಟಿನಿಂದ ಉಂಟಾಗುವ ಈ ಸನ್ನಿಗೆ ವೈದ್ಯಶಾಸ್ತ್ರದಲ್ಲಿ ಪ್ರತ್ಯೇಕ ಹೆಸರೇ ಇತ್ತು. ಪಕ್ಕದಲ್ಲಿ ಕುಳಿತು ಮಾತನಾಡಿಸುವ ಪರಿಚಿತ ದನಿಯೊಂದೇ ಅದಕ್ಕೆ ಮದ್ದು.

ಕರ್ನಾಟಕದ ಹಳ್ಳಿಗಳಲ್ಲಿ ಆ ದನಿಯನ್ನು ಸಮುದಾಯವೇ ಒದಗಿಸಿದ ಕಾಲವೊಂದಿತ್ತು. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿ 2005ರಲ್ಲಿ ಬೆಂಗಳೂರಿನಲ್ಲಿ ನಿಧನರಾದ ಡಾ. ಮುರಿಗೆಪ್ಪ ಚನ್ನವೀರಪ್ಪ ಮೋದಿಯವರ ಹೆಸರು ಇಲ್ಲಿ ಮೊದಲು ಬರುತ್ತದೆ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪಡೆದ ಇವರು ತಿರುಪತಿಯ ಶಿಬಿರದಲ್ಲಿ ಒಂದೇ ದಿನ 833 ಪೊರೆಗಳನ್ನು ತೆಗೆದರು. 1993ರ ಫೆಬ್ರವರಿಯವರೆಗೆ ಅವರು ಮಾಡಿದ ಶಸ್ತ್ರಕ್ರಿಯೆಗಳ ಸಂಖ್ಯೆಯನ್ನು ಗಿನ್ನೆಸ್ ಪುಸ್ತಕವು 6,10,564 ಎಂದು ದಾಖಲಿಸಿದೆ. ಈ ಅಂಕಿಗಳನ್ನು ಹೇಳುವವರು ಸಾಮಾನ್ಯವಾಗಿ ವೈದ್ಯರ ಕೈಯ ವೇಗವನ್ನು ಮೆಚ್ಚಿ ನಿಲ್ಲುತ್ತಾರೆ. ಒಂದೇ ದಿನ 833 ಜನರ ಕಣ್ಣು ಕಟ್ಟಿದರೆ, ಮರುದಿನ ಬೆಳಗ್ಗೆ 833 ಜನರನ್ನು ಶೌಚಕ್ಕೆ ಕರೆದೊಯ್ಯಬೇಕು, ಅಷ್ಟೂ ಜನರ ಬಾಯಿಗೆ ಗಂಜಿ ಇಡಬೇಕು ಎಂಬುದನ್ನೂ ಯೋಚಿಸಬೇಕು. ಶಾಲೆ, ಛತ್ರ, ಮಠಗಳ ಅಂಗಳದಲ್ಲಿ ನಡೆಯುತ್ತಿದ್ದ ಕಣ್ಣಿನ ಶಿಬಿರಗಳನ್ನು ನಿಲ್ಲಿಸಿದ್ದು ಈ ಕೆಲಸ. ವರ್ತಕರು ಅಕ್ಕಿ ಬೇಳೆ ಕೊಟ್ಟರು, ಹೆಂಗಸರು ಅಡಿಗೆ ಮಾಡಿದರು, ಪ್ರೌಢಶಾಲೆಯ ಹುಡುಗರು ಕೈಹಿಡಿದು ನಡೆಸಿದರು.

ನನ್ನ ಅಜ್ಜಿಯ ಪೊರೆಯನ್ನು ತೆಗೆದದ್ದು ಅಂತಹ ಒಂದು ಶಿಬಿರದಲ್ಲಿ. ತಾಲ್ಲೂಕು ಕೇಂದ್ರದ ಶಾಲೆಯ ತರಗತಿಯಲ್ಲಿ ಬೆಂಚುಗಳನ್ನು ಹೊರಗೆ ಹಾಕಿ, ಚಾಪೆಗಳನ್ನು ಸಾಲಾಗಿ ಹಾಸಿದ್ದರು. ಅಜ್ಜಿ ಎರಡನೆಯ ಸಾಲಿನಲ್ಲಿದ್ದಳು. ಪಕ್ಕದ ಚಾಪೆಯ ಮುದುಕಿಯ ಮುಖವನ್ನು ನೋಡದೆಯೇ ಅವಳ ಮನೆಯ ಕಥೆಯನ್ನೆಲ್ಲ ಕೇಳಿ ತಿಳಿದಿದ್ದಳು; ಪಟ್ಟಿ ಬಿಚ್ಚಿದ ದಿನ ಇಬ್ಬರೂ ಪರಸ್ಪರ ನೋಡಿಕೊಂಡು, ‘ನೀನೇನಾ’ ಎಂದು ನಕ್ಕರಂತೆ. ಅನಂತರ ಬಂದದ್ದು ಸೋಡಾಬಾಟಲಿಯ ತಳದಂತಹ ದಪ್ಪ ಕನ್ನಡಕ. ಕಣ್ಣೊಳಗೆ ಮಸೂರವೇ ಇಲ್ಲದಿದ್ದುದರಿಂದ ಹತ್ತು ಹನ್ನೆರಡು ಡಯಾಪ್ಟರ್‌ನ ಗಾಜು ಬೇಕಾಗುತ್ತಿತ್ತು. ಅದರಲ್ಲಿ ಎಲ್ಲವೂ ಕಾಲುಭಾಗದಷ್ಟು ದೊಡ್ಡದಾಗಿ ಕಾಣುವುದು, ಪಕ್ಕದಿಂದ ಬಂದವರು ಶೂನ್ಯದಿಂದ ಉದ್ಭವಿಸಿದಂತೆ ಎದುರಿಗೆ ನಿಲ್ಲುವುದು. ಅಜ್ಜಿ ಹಲವು ತಿಂಗಳು ಹೊಸ್ತಿಲನ್ನು ಎತ್ತರವೆಂದು ತಿಳಿದು ಕಾಲೆತ್ತಿ ದಾಟುತ್ತಿದ್ದಳು.

ಆ ಕನ್ನಡಕವನ್ನು ನಮ್ಮಿಂದ ದೂರ ಮಾಡಿದವರು ಇಬ್ಬರು. 1949ರ ನವೆಂಬರಿನಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಕೃತಕ ಮಸೂರವನ್ನು ಕಣ್ಣೊಳಗೆ ಇರಿಸಿದರು. ಯುದ್ಧವಿಮಾನದ ಮೇಲ್ಛಾವಣಿಯ ಚೂರುಗಳು ಚಾಲಕರ ಕಣ್ಣೊಳಗೆ ಹೊಕ್ಕು ಯಾವ ಕೆರಳಿಕೆಯನ್ನೂ ಉಂಟುಮಾಡದೆ ಇದ್ದುದನ್ನು ಕಂಡವರು ಅವರು. 1967ರಲ್ಲಿ ಅಮೆರಿಕೆಯ ಚಾರ್ಲ್ಸ್ ಕೆಲ್ಮನ್, ಹಲ್ಲಿನ ವೈದ್ಯರ ಶ್ರವಣಾತೀತ ಉಪಕರಣದಿಂದ ಪ್ರೇರಿತರಾಗಿ, ಮಸೂರವನ್ನು ಕಂಪನದಿಂದ ಪುಡಿಮಾಡಿ ಹೀರಿ ತೆಗೆಯುವ ವಿಧಾನವನ್ನು ರೂಪಿಸಿದರು. ಮಡಚಬಹುದಾದ ಮಸೂರಗಳು ಬಂದ ಮೇಲೆ ಮೂರು ಮಿಲಿಮೀಟರಿಗಿಂತ ಕಡಿಮೆಯ ಸೀಳು ಸಾಕಾಯಿತು. ಹೊಲಿಗೆ ಬೇಡ, ಮರಳಿನ ಚೀಲ ಬೇಡ, ಹಾಸಿಗೆ ಬೇಡ. ಬೆಳಗ್ಗೆ ಹೋದವನು ಮಧ್ಯಾಹ್ನ ಮನೆಗೆ ಬರುತ್ತಾನೆ. ಇದು ನಿಸ್ಸಂದೇಹವಾಗಿ ದೊಡ್ಡ ಉಪಕಾರ. ಆದರೆ ಹಾಸಿಗೆಯ ಜೊತೆಗೆ ಹಾಸಿಗೆಯ ಪಕ್ಕದಲ್ಲಿ ಕುಳಿತವನನ್ನೂ ಆಸ್ಪತ್ರೆಯು ಮನೆಗೆ ಕಳುಹಿಸಿತು. ಆತ ಮನೆಯಲ್ಲಿ ಇದ್ದಾನೆಯೇ ಎಂದು ವಿಚಾರಿಸಲಿಲ್ಲ.

ಜಯನಗರದ ಹುಟ್ಟು 1948ರದು, ಸಿ. ರಾಜಗೋಪಾಲಾಚಾರಿಯವರು ಉದ್ಘಾಟಿಸಿದ ಅಶೋಕ ಸ್ತಂಭ ಅದರ ಗುರುತು. ಮೂವತ್ತು ನಲವತ್ತರ, ನಲವತ್ತು ಅರವತ್ತರ ನಿವೇಶನಗಳಲ್ಲಿ ಸರ್ಕಾರಿ ನೌಕರರು, ಅಧ್ಯಾಪಕರು, ಬ್ಯಾಂಕಿನವರು ಸಾಲಮಾಡಿ ಮನೆ ಕಟ್ಟಿದರು. ಮಕ್ಕಳಿಗೊಂದು ಕೋಣೆ, ಮಹಡಿಯ ಮೇಲೆ ಮುಂದಿನ ಸಂಸಾರಕ್ಕೆಂದು ಎತ್ತಿ ಬಿಟ್ಟ ಕಂಬಿಗಳು. ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳು ಅನಂತರ ಇದೇ ಕ್ರಮದಲ್ಲಿ ಬೆಳೆದವು. ಇಂದು ಆ ಮನೆಗಳ ಮಕ್ಕಳು ಡಲ್ಲಾಸ್, ಟೊರಾಂಟೊ, ಸಿಡ್ನಿಗಳಲ್ಲಿದ್ದಾರೆ. ನಮ್ಮ ಅಡ್ಡರಸ್ತೆಯ ಹನ್ನೊಂದು ಮನೆಗಳಲ್ಲಿ ನಾಲ್ಕರಲ್ಲಿ ಒಬ್ಬೊಬ್ಬರೇ ಇದ್ದೇವೆ. ನಾಲ್ವರೂ ಪೊರೆಯ ವಯಸ್ಸಿನವರು. ಕಣ್ಣಿನ ಆಸ್ಪತ್ರೆಗಳಿಗೆ ಇಲ್ಲಿ ಕೊರತೆಯಿಲ್ಲ.

ನಾನು ಹೋದ ಆಸ್ಪತ್ರೆಯ ಅರ್ಜಿಯಲ್ಲಿ ‘ಜೊತೆಗಿರುವವರು’ ಎಂಬ ಕಂಡಿಕೆಯಿತ್ತು. ವಿದೇಶದಲ್ಲಿರುವ ಮಗನ ಹೆಸರು ಬರೆದೆ. ಅದು ಸುಳ್ಳಲ್ಲ, ನಿಜವೂ ಅಲ್ಲ. ಮಧ್ಯಾಹ್ನ ಆಟೋದಲ್ಲಿ ಒಬ್ಬನೇ ಮನೆಗೆ ಬಂದೆ. ಅವರು ಕೊಟ್ಟ ಸೂಚನೆಯ ಹಾಳೆಯು ಸಣ್ಣ ಅಕ್ಷರಗಳ ಇಂಗ್ಲಿಷಿನಲ್ಲಿತ್ತು. ಶಸ್ತ್ರವಾದ ಕಣ್ಣಿನ ಪಾಪೆ ಔಷಧದಿಂದ ಹಿಗ್ಗಿತ್ತು. ಅದರೊಳಗಿನ ಹೊಸ ಮಸೂರವು ದೂರದ ನೋಟಕ್ಕೆ ಹೊಂದಿಸಿದ್ದು, ಓದುವ ಕನ್ನಡಕ ದೊರೆಯುವುದು ವಾರಗಳ ನಂತರ. ಇನ್ನೊಂದು ಕಣ್ಣಿಗೆ ಪೊರೆ. ಹಸ್ತಪ್ರತಿಗಳ ಅಳಿಸಿದ ಅಕ್ಷರಗಳನ್ನು ಓದುತ್ತ ಬದುಕಿದ ನನಗೆ ಆ ಹಾಳೆಯನ್ನು ಓದಲಾಗಲಿಲ್ಲ.

ಔಷಧದ ಲೆಕ್ಕ ಹೀಗಿತ್ತು. ಸೋಂಕು ತಡೆಯುವ ಹನಿ ದಿನಕ್ಕೆ ನಾಲ್ಕು ಬಾರಿಯಂತೆ ಒಂದು ವಾರ. ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಹನಿ ಮೊದಲ ವಾರ ದಿನಕ್ಕೆ ಆರು, ಎರಡನೆಯ ವಾರ ಐದು, ಹೀಗೆ ಇಳಿಯುತ್ತ ಆರನೆಯ ವಾರ ಒಂದು. ಎರಡರ ನಡುವೆ ಐದು ನಿಮಿಷ ಬಿಡಬೇಕು. ಕೂಡಿಸಿದರೆ 175 ಹನಿಗಳು. ತನ್ನ ಕಣ್ಣಿಗೆ ತಾನೇ ಹನಿ ಹಾಕಿಕೊಳ್ಳುವುದು ಅಷ್ಟು ಸುಲಭವಲ್ಲ. ಮೊದಲ ದಿನ ಅರ್ಧದಷ್ಟು ಕೆನ್ನೆಯ ಮೇಲೆ ಹೋಯಿತು. ಒಂದು ಕಣ್ಣಿನಿಂದ ಆಳ ತಿಳಿಯದೆ ಕಾಫಿಯನ್ನು ಲೋಟದ ಹೊರಗೆ ಸುರಿದುಕೊಂಡೆ. ಒಗ್ಗರಣೆಯ ಘಾಟಿಗೆ ಸೀನು ಬಂದಾಗ ಸುಶ್ರುತನ ನೆನಪಾಯಿತು. ಇವೆಲ್ಲ ನಗುವ ಸಂಗತಿಗಳು. ನಗಲಾಗದ್ದು ಐದನೆಯ ದಿನ ತಿಳಿಯಿತು. ಅಂದು ಬೆಳಗ್ಗೆ ಬೆಳಕು ಚುಚ್ಚುತ್ತಿತ್ತು, ಕಣ್ಣು ಕೆಂಪಗಿತ್ತು, ಮೊದಲ ದಿನ ನಿಚ್ಚಳವಾಗಿ ಕಂಡಿದ್ದ ಎದುರುಮನೆಯ ತೆಂಗಿನ ಗರಿಗಳು ಮತ್ತೆ ಮಂಜಾಗಿದ್ದವು. ಸೀಸೆಗಳನ್ನು ಅಲುಗಾಡಿಸಿ ನೋಡಿದೆ. ಒಂದು ಬರಿದಾಗುತ್ತ ಬಂದಿತ್ತು, ಇನ್ನೊಂದು ಹೆಚ್ಚುಕಡಮೆ ತುಂಬಿತ್ತು. ಎರಡೂ ಬಿಳಿಯ ಸೀಸೆಗಳು, ಒಂದೇ ಗಾತ್ರದವು. ಐದು ನಿಮಿಷ ಬಿಟ್ಟು ಎರಡನೆಯದೆಂದು ನಾನು ಮತ್ತೆ ಮತ್ತೆ ಕೈಗೆತ್ತಿಕೊಂಡಿದ್ದು ಮೊದಲನೆಯದನ್ನೇ.

ನೋವು ಹೆಚ್ಚುವುದು, ಕೆಂಪಾಗುವುದು, ಬಂದ ದೃಷ್ಟಿ ಇಳಿಯುವುದು, ಮಿಂಚು ಅಥವಾ ತೇಲುವ ಕಪ್ಪುಚುಕ್ಕೆಗಳು ಕಾಣುವುದು, ಇವುಗಳಲ್ಲಿ ಯಾವುದೊಂದಾದರೂ ಮರುದಿನಕ್ಕೆ ಕಾಯದೆ ವೈದ್ಯರ ಬಳಿಗೆ ಹೋಗಬೇಕು. ಕಣ್ಣೊಳಗೆ ಸೋಂಕು ಹೊಕ್ಕಿದ್ದರೆ ಗಂಟೆಗಳ ಲೆಕ್ಕದಲ್ಲಿ ದೃಷ್ಟಿ ಹೋಗಬಹುದು. ಅಂದು ನನಗೆ ಅದು ತಿಳಿದಿತ್ತಾದರೂ ಆಟೋ ಕರೆಯಲು ಕೈ ನಡುಗುತ್ತಿತ್ತು. ಚರಕನು ರೋಗಿಯ ಗುಣಗಳಲ್ಲಿ ಅಳುಕದಿರುವಿಕೆಯನ್ನು ಏಕೆ ಸೇರಿಸಿದನೆಂದು ಆಗ ತಿಳಿಯಿತು. ಎದುರುಮನೆಯ ವೃದ್ಧೆ, ಅವರೂ ಒಂಟಿ, ಗೇಟಿನಿಂದಲೇ ನನ್ನ ಮುಖ ನೋಡಿ ಚಪ್ಪಲಿ ಮೆಟ್ಟಿ ಬಂದರು. ಪುಣ್ಯಕ್ಕೆ ಅದು ಸೋಂಕಾಗಿರಲಿಲ್ಲ, ಹನಿಯಿಲ್ಲದೆ ಕೆರಳಿದ ಉರಿಯೂತವಷ್ಟೇ. ಎರಡು ದಿನ ಗಂಟೆಗೊಮ್ಮೆ ಹನಿ ಹಾಕಬೇಕೆಂದು ವೈದ್ಯರು ಹೇಳಿದರು. ಆ ಎರಡು ದಿನ ಹಗಲೆಲ್ಲ ಹನಿ ಹಾಕಿದವರು ಆ ವೃದ್ಧೆ. ಪ್ರತಿ ಸಲವೂ ಸೋಪಿನಿಂದ ಕೈ ತೊಳೆದು, ಹನಿ ಬಿದ್ದ ಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಒಂದು ನಿಮಿಷ ಒತ್ತಿ ಹಿಡಿಯುತ್ತಿದ್ದರು. ಹತ್ತು ವರ್ಷ ಪತಿಯ ಕಣ್ಣಿಗೆ ಹನಿ ಹಾಕಿದ ಅಭ್ಯಾಸ ಅವರದು. ಉಪಚಾರಜ್ಞಾನ, ದಕ್ಷತೆ, ಶುಚಿತ್ವ ಮೂರೂ ಒಂದೇ ಸಲ ಕಂಡವು.

ಅನಂತರದ ವಾರಗಳ ವ್ಯವಸ್ಥೆಯನ್ನೂ ಅವರೇ ಹೇಳಿಕೊಟ್ಟರು. ಸ್ಟೀರಾಯ್ಡ್ ಸೀಸೆಗೆ ಎರಡು ಸುತ್ತು ರಬ್ಬರ್ ಬ್ಯಾಂಡ್, ಬೆರಳಿಗೇ ತಿಳಿಯಲೆಂದು. ಗೋಡೆಯ ಕ್ಯಾಲೆಂಡರಿನ ಪ್ರತಿ ಚೌಕದಲ್ಲಿ ಅಂದಿನ ಹನಿಗಳಷ್ಟು ದಪ್ಪ ಗೆರೆಗಳು; ಹಾಕಿದಂತೆಲ್ಲ ಒಂದೊಂದನ್ನು ಹೊಡೆದುಹಾಕುವುದು. ಹನಿ ಹಾಕಿಕೊಳ್ಳುವಾಗ ದಿಂಬಿಲ್ಲದೆ ಮಲಗಿ, ಸೀಸೆ ಹಿಡಿದ ಕೈಯ ಬುಡವನ್ನು ಹಣೆಯ ಮೇಲೆ ಊರಿಕೊಳ್ಳುವುದು. ಆಗ ಕೈ ನಡುಗದು, ಸೀಸೆಯ ತುದಿ ರೆಪ್ಪೆಗೆ ತಾಗದು. ತಲೆಯ ಮೇಲಿಂದ ತೊಡುವ ಬನಿಯನ್ನಿನ ಬದಲು ಗುಂಡಿಯ ಅಂಗಿ. ನೀರಿನ ಬಕೆಟ್ಟನ್ನು ಎತ್ತದೆ ತಂಬಿಗೆಯಿಂದ ತುಂಬಿಸಿಕೊಳ್ಳುವುದು. ರಾತ್ರಿ ಕವಚ ಕಟ್ಟದೆ ಮಲಗುವಂತಿಲ್ಲ.

ಆರನೆಯ ವಾರದ ಕೊನೆಯ ಗೆರೆಯನ್ನು ಹೊಡೆದ ಮೇಲೆ ಓದುವ ಕನ್ನಡಕ ಬಂದಿತು. ಮೊದಲು ಓದಿದ್ದು ಆ ಸೂಚನೆಯ ಹಾಳೆಯನ್ನು. ಎರಡು ಸೀಸೆಗಳನ್ನು ಬೇರೆ ಬೇರೆ ಗುರುತಿಸಿಡಬೇಕೆಂಬುದು ಅದರಲ್ಲಿ ಇದ್ದಿತು. ರೋಗಿಯ ಸಂಬಂಧಿಕರಿಗೆ ಎಂಬ ತಲೆಬರಹದ ಕೆಳಗೆ.

ಕಳೆದ ತಿಂಗಳು ಎದುರುಮನೆಯವರ ಎಡಗಣ್ಣಿನ ಸರದಿ ಬಂದಿತು. ಆಟೋದಲ್ಲಿ ಜೊತೆಗೆ ಹೋದೆ. ಅರ್ಜಿಯಲ್ಲಿ ನನ್ನ ಹೆಸರು ಬರೆದು, ಮುಂದಿನ ‘ಸಂಬಂಧ’ ಎಂಬ ಕಂಡಿಕೆಯಲ್ಲಿ ‘ಎದುರುಮನೆ’ ಎಂದು ತುಂಬಿದೆ. ಗುಮಾಸ್ತರು ಒಮ್ಮೆ ನೋಡಿ, ಮೊಹರು ಒತ್ತಿ, ಎರಡನೆಯ ಮಹಡಿಗೆ ಹೋಗಿ ಎಂದರು.